ಪುಕ್ಕಟೆ ಸಿಕ್ಕದ್ದಕ್ಕೂ ಬೆಲೆಯಿದೆ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ನಾಲ್ಕು ಮಾತು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಪ್ರೀತಿಯಿಂದ ಕೇಳಿಕೊಂಡಿದ್ದಾರೆ. ಶಾಲೆಯ ಇತಿಹಾಸವನ್ನು ಬರೆಯಲು ನನಗಿಂತ ಸಮರ್ಥರಾದವರು ಇದ್ದಾರೆ. ಹಳೆಯ ನೆನಪುಗಳನ್ನು ರಸವತ್ತಾಗಿ ಹೇಳಬಲ್ಲ ವಿದ್ಯಾರ್ಥಿಗಳೂ ಇದ್ದಾರೆ. ಆದುದರಿಂದ ನಾನು ಬೇರೊಂದು ವಿಷಯವನ್ನು ಆರಿಸಿಕೊಂಡಿದ್ದೇನೆ. ಅದು ನೋಡಲು ಚಿಕ್ಕದು, ಆದರೆ ಮಗ್ಗದ ಕೆಲಸಗಾರರ ಮತ್ತು ಕೂಲಿಕಾರರ ಮಕ್ಕಳಿಂದ ತುಂಬಿದ ನಮ್ಮಂತಹ ಶಾಲೆಗೆ ಬಹಳ ಹತ್ತಿರದ್ದು. ಪುಕ್ಕಟೆಯಾಗಿ ಸಿಗುವುದನ್ನು ಮತ್ತು ರಿಯಾಯಿತಿಯಲ್ಲಿ ಸಿಗುವುದನ್ನು ಹುಡುಕಿ ಪಡೆದು, ಅದರಿಂದ ನಾಲ್ಕು ಕಾಸು ಉಳಿಸಿಕೊಳ್ಳುವುದು ಹೇಗೆ, ಎಲ್ಲಿಯವರೆಗೆ ಮತ್ತು ಏಕೆ ಎಂಬುದೇ ಆ ವಿಷಯ.

ಈಚೆಗೆ ಗಡಹಿಂಗ್ಲಜದಿಂದ ಕೊಲ್ಹಾಪುರಕ್ಕೆ ಎಸ್.ಟಿ. ಬಸ್ಸಿನಲ್ಲಿ ಬರುತ್ತಿದ್ದೆ. ನನಗೆ ಎಪ್ಪತ್ತನಾಲ್ಕು ವರ್ಷ ವಯಸ್ಸು, ಆದ್ದರಿಂದ ಕಾರ್ಡು ತೋರಿಸಿ ಅರ್ಧ ತಿಕೀಟು ತೆಗೆದೆ. ಮುಂದಿನ ಸಾಲಿನಲ್ಲಿ ಕುಳಿತ ಹೆಣ್ಣುಮಕ್ಕಳಿಗೂ ಅರ್ಧ ತಿಕೀಟು. ಎಪ್ಪತ್ತೈದು ದಾಟಿದ ಮುದುಕರೊಬ್ಬರಿಗೆ ತಿಕೀಟಿನ ಹಣವೇ ಇಲ್ಲ. ಶಾಲೆಯ ಹುಡುಗಿಯರಿಬ್ಬರು ಪಾಸು ತೋರಿಸಿದರು. ನನ್ನ ಪಕ್ಕದಲ್ಲಿ ಕುಳಿತ ತರುಣನು ಪೂರ್ತಿ ಹಣ ಕೊಟ್ಟು ತಿಕೀಟು ತೆಗೆದು, ನನ್ನ ಕಡೆ ತಿರುಗಿ, "ಕಾಕಾ, ಈ ಬಸ್ಸಿನಾಗ ಶಾಣ್ಯಾರೆಲ್ಲಾ ಫುಕಟ್ ಹೊಂಟಾರ. ರೊಕ್ಕಾ ಕೊಟ್ಟ ಹುಚ್ಚ ನಾ ಒಬ್ಬನs" ಎಂದು ನಕ್ಕನು. ನಾನೂ ನಕ್ಕೆ. ಆದರೆ ಅವನ ಮಾತು ಕಾಗಲದವರೆಗೂ ನನ್ನ ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು. ಅವನು ಹೇಳಿದ್ದರಲ್ಲಿ ಅರ್ಧ ಸತ್ಯವಿತ್ತು. ನಾನು ಕೊಡದೆ ಉಳಿಸಿದ ಅರ್ಧ ಹಣವನ್ನು ಯಾರೋ ಕೊಡುತ್ತಿದ್ದಾರೆ. ಅವನಂತಹ ತರುಣರ ತೆರಿಗೆಯಿಂದಲೇ ಅದು ಬರುತ್ತದೆ. ಪುಕ್ಕಟೆ ಎಂಬ ವಸ್ತು ಜಗತ್ತಿನಲ್ಲಿಲ್ಲ. ಯಾರೋ ಬೆಲೆ ತೆತ್ತಿರುತ್ತಾರೆ, ನಮಗೆ ಮಾತ್ರ ಅದು ಕಾಣುವುದಿಲ್ಲ.

ಈ ಪಾಠವನ್ನು ನನಗೆ ಮೊದಲು ಕಲಿಸಿದವಳು ಅಕ್ಷರ ಬಾರದ ನನ್ನ ತಾಯಿ. ನಮ್ಮದು ಗಡಹಿಂಗ್ಲಜ ಭಾಗದ ಒಂದು ಹಳ್ಳಿ. ಮನೆಯ ಮಾತು ಕನ್ನಡ, ಕಚೇರಿಯ ಮಾತು ಮರಾಠಿ. ವಾರದ ಸಂತೆಗೆ ನನ್ನ ತಾಯಿ ಬೆಳಿಗ್ಗೆ ಹೋದವಳೇ ಅಲ್ಲ. ದೀಪ ಹಚ್ಚುವ ಹೊತ್ತಿಗೆ, ಬಾಗವಾನರು ಗಂಟು ಕಟ್ಟುವ ವೇಳೆಗೆ ಹೋಗುವಳು. ಬೆಳಿಗ್ಗೆ ನಾಲ್ಕಾಣೆಗೆ ಮಾರಿದ ಬದನೆಕಾಯಿಯನ್ನು ಸಂಜೆ ಎರಡಾಣೆಗೆ ಕೊಡುವರು. ಮೇಲೆ ಒಂದು ಹಿಡಿ ಕೊತ್ತಂಬರಿಯನ್ನು ಹಾಗೆಯೇ ಹಾಕುವರು. "ಸಂಜೀಕ ತಂದ ಪಲ್ಲೇನ ಸಂಜೀಕ ಮಾಡಬೇಕು, ನಾಳೀಗಿ ಇಟ್ಟರ ಉಳಿಸಿದ್ದೂ ಹೋತು, ಪಲ್ಲೇನೂ ಹೋತು" ಎಂಬುದು ಆಕೆಯ ಲೆಕ್ಕ. ಅಗ್ಗವಾಗಿ ಸಿಕ್ಕಿತೆಂದು ಬೇಕಾದುದಕ್ಕಿಂತ ಹೆಚ್ಚು ತರುವುದು ಉಳಿತಾಯವಲ್ಲ ಎಂಬ ಅರ್ಥಶಾಸ್ತ್ರವನ್ನು ನಾನು ಹೀಗೆ ಅಡಿಗೆಮನೆಯಲ್ಲಿ ಕಲಿತೆ.

ಎರಡನೆಯ ಪಾಠ ಕಬ್ಬಿನ ಗಾಣದಲ್ಲಿ ಸಿಕ್ಕಿತು. ಕೊಲ್ಹಾಪುರದ ಬೆಲ್ಲ ದೇಶಕ್ಕೆಲ್ಲ ಹೆಸರಾದದ್ದು. ನಮ್ಮ ಬಾಲ್ಯದಲ್ಲಿ ಸುಗ್ಗಿ ಬಂತೆಂದರೆ ಹೊಲಹೊಲಗಳಲ್ಲಿ ಗಾಣ ಹೂಡುತ್ತಿದ್ದರು. ಗಾಣಕ್ಕೆ ಹೋದ ಯಾವ ಮಗುವೂ ಬರಿಗೈಯಲ್ಲಿ, ಬರಿಹೊಟ್ಟೆಯಲ್ಲಿ ಹಿಂದಿರುಗುತ್ತಿರಲಿಲ್ಲ. ಕಬ್ಬಿನ ಹಾಲು ಸಾಕೆನ್ನುವಷ್ಟು, ಎಲೆಯ ಮೇಲೆ ಬಿಸಿ ಬೆಲ್ಲ, ಅದೃಷ್ಟವಿದ್ದರೆ ಕಾಕವಿ. ಇದಕ್ಕೆ ಯಾರೂ ಹಣ ಕೇಳುತ್ತಿರಲಿಲ್ಲ, ಜಾತಿಯನ್ನೂ ಕೇಳುತ್ತಿರಲಿಲ್ಲ. ಆದರೆ ಒಂದು ಅಲಿಖಿತ ನಿಯಮವಿತ್ತು. ಹೊಟ್ಟೆ ತುಂಬ ಕುಡಿಯಬಹುದು, ಕೊಡ ತುಂಬಿಕೊಂಡು ಹೋಗಬಾರದು. ಒಮ್ಮೆ ನಾನು ಮನೆಯಿಂದ ತಂಬಿಗೆ ಒಯ್ದಿದ್ದೆ. ಗಾಣದ ಯಜಮಾನರು ತಂಬಿಗೆಯನ್ನೂ ತುಂಬಿಸಿ ಕೊಟ್ಟರು, ಏನೂ ಅನ್ನಲಿಲ್ಲ. ಮನೆಗೆ ಬಂದಾಗ ತಂದೆಯವರು ಅದನ್ನು ಕಂಡು, ಮರುದಿನ ಬೆಳಿಗ್ಗೆ ನನ್ನನ್ನು ಅದೇ ಗಾಣಕ್ಕೆ ಕಳುಹಿಸಿ ಮಧ್ಯಾಹ್ನದವರೆಗೆ ಸಿಪ್ಪೆ ಹರವಿ ಒಣಹಾಕುವ ಕೆಲಸ ಮಾಡಿಸಿದರು. ಪುಕ್ಕಟೆ ಪಡೆಯುವುದಕ್ಕೆ ಒಂದು ಮೇರೆಯಿದೆ ಎಂಬುದು ಅಂದು ನನ್ನ ಅಂಗೈಗೆ ಗೊತ್ತಾಯಿತು.

ಸಂಕೇಶ್ವರದಲ್ಲಿ ನಾನು ಕನ್ನಡ ಮಾಧ್ಯಮದಲ್ಲಿ ಮ್ಯಾಟ್ರಿಕ್ ಮುಗಿಸಿದ್ದು 1968ರಲ್ಲಿ. ಅಲ್ಲಿಯೂ ನಾನು ಹಣ ಕೊಟ್ಟು ವಾಸವಿದ್ದವನಲ್ಲ. ಕಿರಾಣಿ ಅಂಗಡಿಯ ಹಿರಿಯರೊಬ್ಬರು ತಮ್ಮ ಅಟ್ಟದ ಮೇಲೆ ಜಾಗ ಕೊಟ್ಟಿದ್ದರು. ಬದಲಿಗೆ ನಾನು ಸಂಜೆ ಅವರ ಕಿರ್ದಿ ಬರೆದುಕೊಡುತ್ತಿದ್ದೆ. ಪುಸ್ತಕಗಳು ಹಳೆಯವು. ಆಗ ಮೇಲಿನ ವರ್ಗಕ್ಕೆ ಹೋದ ಹುಡುಗರ ಪುಸ್ತಕಗಳನ್ನು ಕೆಳಗಿನವರು ಅರ್ಧ ಬೆಲೆಗೆ ಕೊಳ್ಳುವ ರೂಢಿಯಿತ್ತು. ಎರಡು ಕೈ ದಾಟಿ ಬಂದ ಪುಸ್ತಕವಾದರೆ ಕಾಲು ಬೆಲೆ. ನಾನು ಕಾಲು ಬೆಲೆಯವನು. ಗಣಿತದ ಪುಸ್ತಕದ ಅಂಚಿನಲ್ಲಿ ನನಗಿಂತ ಮೊದಲಿನ ಇಬ್ಬರು ಹುಡುಗರು ಉತ್ತರಗಳನ್ನು ಬರೆದಿದ್ದರು. ಅವುಗಳಲ್ಲಿ ಅನೇಕವು ತಪ್ಪಾಗಿದ್ದುದರಿಂದ ನಾನು ಲೆಕ್ಕವನ್ನು ಸ್ವಂತ ಬುದ್ಧಿಯಿಂದಲೇ ಮಾಡಬೇಕಾಯಿತು! ನಮ್ಮ ಹಿರಿಯರಲ್ಲಿ ಎಷ್ಟೋ ಜನ ಏಳು ಮನೆಗಳಲ್ಲಿ ವಾರಾನ್ನ ಉಂಡು ಓದಿದವರು. ಉಂಡ ಮನೆಯ ಋಣವನ್ನು ಅವರು ಸಾಯುವವರೆಗೂ ಹೇಳಿಕೊಳ್ಳುತ್ತಿದ್ದರು. ಅದನ್ನು ಹೇಳಿಕೊಳ್ಳಲು ಅವರಿಗೆ ನಾಚಿಕೆಯಿರಲಿಲ್ಲ.

ಬಡವರ ಮಕ್ಕಳಿಗೆ ಪುಕ್ಕಟೆ ಕೊಡುವುದೆಂದರೆ ಏನು ಎಂಬುದನ್ನು ನಮ್ಮ ಕೊಲ್ಹಾಪುರ ನಾಡು ದೇಶಕ್ಕೇ ತೋರಿಸಿಕೊಟ್ಟಿದೆ. ಛತ್ರಪತಿ ಶಾಹು ಮಹಾರಾಜರು 1917ರಲ್ಲಿ ತಮ್ಮ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಆಗಿ ಮಾಡಿದರು. ಮಕ್ಕಳನ್ನು ಶಾಲೆಗೆ ಕಳುಹಿಸದ ಪಾಲಕರಿಗೆ ತಿಂಗಳಿಗೆ ಒಂದು ರೂಪಾಯಿ ದಂಡ! ಪುಕ್ಕಟೆ ಕೊಟ್ಟದ್ದನ್ನು ತೆಗೆದುಕೊಳ್ಳದಿದ್ದರೆ ದಂಡ ಹಾಕಿದ ಅರಸರನ್ನು ನಾನು ಬೇರೆಲ್ಲಿಯೂ ಕೇಳಿಲ್ಲ. ನಮ್ಮ ಅಜ್ಜನವರು, "ನಾ ಸಹಿ ಮಾಡೂದು ಕಲತದ್ದು ಸರಸ್ವತಿ ಕೃಪಾದಿಂದಲ್ಲ, ಒಂದು ರೂಪಾಯಿ ಅಂಜಿಕಿಯಿಂದ" ಎಂದು ನಗುತ್ತಿದ್ದರು. ಅದಕ್ಕೂ ಮೊದಲೇ, 1901ರಿಂದ, ಮಹಾರಾಜರ ಆಶ್ರಯದಲ್ಲಿ ಕೊಲ್ಹಾಪುರದಲ್ಲಿ ಒಂದೊಂದು ಸಮಾಜಕ್ಕೆ ಒಂದೊಂದು ಬೋರ್ಡಿಂಗು ಹುಟ್ಟಿಕೊಂಡಿತು. ಮರಾಠರದು, ಜೈನರದು, ಲಿಂಗಾಯತರದು, ಮುಸಲ್ಮಾನರದು, ಅಸ್ಪೃಶ್ಯರೆನಿಸಿಕೊಂಡವರಿಗಾಗಿ 1908ರಲ್ಲಿ ಮಿಸ್ ಕ್ಲಾರ್ಕ್ ವಸತಿಗೃಹ. ಕೊಲ್ಹಾಪುರಕ್ಕೆ ವಿದ್ಯಾರ್ಥಿ ವಸತಿಗೃಹಗಳ ತಾಯಿ ಎಂಬ ಹೆಸರು ಬಂದುದು ಹೀಗೆ. ನಮ್ಮ ಗಡಿಭಾಗದ ಕನ್ನಡ ಮನೆಗಳ ಎಷ್ಟೋ ಮಕ್ಕಳು ಆ ಬೋರ್ಡಿಂಗುಗಳ ಅನ್ನ ಉಂಡು ಓದಿದ್ದಾರೆ.

ಆ ಅನ್ನ ಏನಾಯಿತು ಎಂಬುದಕ್ಕೆ ಒಂದೇ ಉದಾಹರಣೆ ಸಾಕು. ನಮ್ಮ ಇಚಲಕರಂಜಿಗೆ ಹತ್ತಿರದ ಕುಂಭೋಜದಲ್ಲಿ 1887ರಲ್ಲಿ ಹುಟ್ಟಿದ ಭಾವೂರಾವ ಪಾಟೀಲರು ಕೊಲ್ಹಾಪುರದ ಜೈನ ಬೋರ್ಡಿಂಗಿನಲ್ಲಿದ್ದು ಓದಿದವರು. ಮುಂದೆ 1919ರಲ್ಲಿ ಅವರು ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. ಸಾತಾರೆಯಲ್ಲಿ ಎಲ್ಲ ಜಾತಿಯ ಹುಡುಗರೂ ಒಂದೇ ಪಂಕ್ತಿಯಲ್ಲಿ ಉಣ್ಣುವ ವಸತಿಗೃಹವನ್ನು ನಡೆಸಿದರು. ಮಹಾತ್ಮಾ ಗಾಂಧೀಜಿಯವರು 1927ರಲ್ಲಿ ಅಲ್ಲಿಗೆ ಬಂದು ಹೋದರು. ಹುಡುಗರಿಗೆ ಅಕ್ಕಿ ಜೋಳ ತೀರಿದ ಒಂದು ದಿನ ಪತ್ನಿ ಲಕ್ಷ್ಮೀಬಾಯಿಯವರು ತಮ್ಮ ಕೊರಳಿನ ಮಂಗಳಸೂತ್ರವನ್ನೇ ಕೊಟ್ಟು ಅನ್ನ ಹಾಕಿದರೆಂಬುದು ಮಹಾರಾಷ್ಟ್ರದ ಮನೆಮನೆಗೂ ಗೊತ್ತಿರುವ ಸಂಗತಿ. ಆ ಹುಡುಗರು ಅಂದು ಪುಕ್ಕಟೆ ಉಂಡರೆಂದು ಯಾರು ಹೇಳಬಲ್ಲರು? ಅವರ ಊಟದ ಬೆಲೆ ಒಬ್ಬ ತಾಯಿಯ ಮಂಗಳಸೂತ್ರ. ಭಾವೂರಾಯರು ತಮ್ಮ ವಿದ್ಯಾರ್ಥಿಗಳಿಂದ ಹೊಲದಲ್ಲಿ ದುಡಿಸಿ, ಗಳಿಸುತ್ತ ಕಲಿಯುವ ಪದ್ಧತಿಯನ್ನು ಹಾಕಿಕೊಟ್ಟುದರ ಮರ್ಮವೂ ಇದೇ. ಪಡೆದವನ ತಲೆ ತಗ್ಗಬಾರದು, ಪಡೆದುದನ್ನು ಅವನು ಮರೆಯಲೂಬಾರದು. ಬಸವಾದಿ ಶರಣರು ಕಾಯಕ ಮತ್ತು ದಾಸೋಹಗಳನ್ನು ಜೊತೆಜೊತೆಯಾಗಿಯೇ ಹೇಳಿದರಲ್ಲವೆ?

ಇಷ್ಟೆಲ್ಲ ಬಲ್ಲ ನಾನು ಮಾಡಿದ ಒಂದು ತಪ್ಪನ್ನು ಇಲ್ಲಿ ಹೇಳಿಕೊಳ್ಳದೆ ಹೋದರೆ ಈ ಲೇಖನ ಬರಿಯ ಉಪದೇಶವಾದೀತು. ನಮ್ಮ ಶಾಲೆ ಪ್ರಾರಂಭವಾದ ಕೆಲವೇ ವರ್ಷಗಳಲ್ಲಿ ನಾನು ಇಲ್ಲಿಗೆ ಶಿಕ್ಷಕನಾಗಿ ಬಂದೆ. 1981ರಲ್ಲಿ ಏಳನೆಯ ಇಯತ್ತೆಯ ವರ್ಗ ನನ್ನ ಕಡೆಗಿತ್ತು. ಆ ವರ್ಗದಲ್ಲಿ ಒಬ್ಬ ಹುಡುಗನಿದ್ದ. ತಂದೆ ರಾತ್ರಿ ಪಾಳಿಯಲ್ಲಿ ಪಾವರ್‌ಲೂಮ್ ನಡೆಸುವವನು, ತಾಯಿ ಕಾಂಡಿ ಸುತ್ತುವವಳು. ಹುಡುಗ ಲೆಕ್ಕದಲ್ಲಿ ಬಲು ಚುರುಕು. ನಾನು ಫಲಕದ ಮೇಲೆ ಲೆಕ್ಕ ಬರೆದು ಸುಣ್ಣದ ಕಡ್ಡಿ ಕೆಳಗಿಡುವಷ್ಟರಲ್ಲಿ ಉತ್ತರ ಹೇಳುತ್ತಿದ್ದ. ಏಳನೆಯದು ಮುಗಿಯಿತು. ಮುಂದೆ ಹೈಸ್ಕೂಲಿಗೆ ಫೀ ಕಟ್ಟಬೇಕು. ಆರ್ಥಿಕವಾಗಿ ಹಿಂದುಳಿದವರಿಗೆ ಇ.ಬಿ.ಸಿ. ಎಂಬ ಫೀ ಮಾಫಿಯ ಸವಲತ್ತು ಮಹಾರಾಷ್ಟ್ರದಲ್ಲಿ ಎಂದಿನಿಂದಲೋ ಇತ್ತು. ಉತ್ಪನ್ನದ ದಾಖಲೆ ತಂದು, ಅರ್ಜಿ ತುಂಬಿ, ನಿಗದಿಯಾದ ದಿನದೊಳಗೆ ಕೊಟ್ಟರೆ ಸಾಕು. ಅದರ ಬಗೆಗೆ ಮರಾಠಿಯಲ್ಲಿ ಒಂದು ಪರಿಪತ್ರಕ ಬಂದಿತ್ತು. ಕನ್ನಡದಲ್ಲಿ ಓದಿ ಬಂದ ನನಗೆ ಆಗ ಕಚೇರಿಯ ಮರಾಠಿ ಅಷ್ಟಕ್ಕಷ್ಟೇ. ಸಾವಕಾಶವಾಗಿ ಓದಿದರಾಯಿತೆಂದು ಅದನ್ನು ಫೈಲಿನಲ್ಲಿ ಸೇರಿಸಿಟ್ಟೆ. ಹಾಗೆಯೇ ಮರೆತೆ.

ಜೂನ್ ತಿಂಗಳು ಕಳೆಯಿತು. ಹುಡುಗನ ತಂದೆ ಒಂದು ಸಂಜೆ ಬಂದು, "ಮಾಸ್ತರ, ಫೀ ಭಾಳ ಐತ್ರಿ, ಹುಡುಗನ್ನ ಸಾಳಿ ಬಿಡಿಸೇನಿ" ಎಂದು ಹೇಳಿ ಹೋದ. ಆಗಲೂ ನನಗೆ ಹೊಳೆಯಲಿಲ್ಲ. ನೆನಪಾಗಿ ಆ ಕಾಗದವನ್ನು ತೆಗೆದು ನೋಡಿದಾಗ ಮುದತು ಮುಗಿದಿತ್ತು. ಹುಡುಗ ಕಾಂಡಿ ಯಂತ್ರದ ಮುಂದೆ ಕುಳಿತಿದ್ದ. ಅವನಿಗೆ ಕೊಡಬೇಕಾದುದನ್ನು ಸರಕಾರ ಕೊಡಲು ಸಿದ್ಧವಿತ್ತು, ಪಡೆಯುವ ಹಕ್ಕು ಅವನಿಗಿತ್ತು. ನಡುವೆ ಇದ್ದುದು ನನ್ನ ಆಲಸ್ಯ ಮತ್ತು ಓದದೇ ಉಳಿದ ಒಂದು ಹಾಳೆ.

ಇಪ್ಪತ್ತೈದು ವರ್ಷಗಳ ನಂತರ, ನಾನು ಮುಖ್ಯಾಧ್ಯಾಪಕನಾಗಿದ್ದಾಗ, ಅದೇ ಹುಡುಗ ತನ್ನ ಮಗಳ ಕೈಹಿಡಿದುಕೊಂಡು ನನ್ನ ಕೋಣೆಗೆ ಬಂದ. ತಲೆ ಅರ್ಧ ನೆರೆತಿತ್ತು, ಶರ್ಟಿನ ಮೇಲೆ ಹತ್ತಿಯ ಎಳೆ ಅಂಟಿತ್ತು. ನಾನು ಅಂದಿನ ಸಂಗತಿಯನ್ನು ಹೇಳಿ ತಪ್ಪಾಯಿತೆಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆತು ಬಿಡ್ರಿ ಮಾಸ್ತರ. ನನಗ ಹೇಳಲಿಲ್ಲ ಅಂದ್ರ ನಡೀತು. ನನ್ನ ಮಗಳಿಗಿ ಮಾತ್ರ ಎಲ್ಲಾ ಹೇಳ್ರಿ. ಯಾವುದು ಮಾಫ್ ಐತಿ, ಯಾವುದು ಪುಕ್ಕಟ ಐತಿ, ಒಂದೂ ಬಿಡಬ್ಯಾಡ್ರಿ" ಎಂದ. ನಾನು ಬಿಡಲಿಲ್ಲ. ಆ ಹುಡುಗಿಗೆ ಸಿಗಬೇಕಾದ ಪುಸ್ತಕ, ಪಾಸು, ಫೀ ಮಾಫಿ, ಶಿಷ್ಯವೃತ್ತಿಗಳೆಲ್ಲವೂ ಸಿಕ್ಕವು. ಈಗ ಆಕೆ ನರ್ಸ್ ಆಗಿದ್ದಾಳೆ. ಆದರೆ ತಂದೆಯ ಲೆಕ್ಕ ಮಾತ್ರ ಹಾಗೆಯೇ ಉಳಿಯಿತು. ಅದನ್ನು ಬಿಡಿಸಲು ನನ್ನಿಂದಾಗದು.

ಆ ದಿನದಿಂದ ನನಗೆ ಮನವರಿಕೆಯಾದುದೇನೆಂದರೆ, ಬಡವನಿಗೆ ಎಲ್ಲಕ್ಕಿಂತ ದೊಡ್ಡ ಉಳಿತಾಯವು ತನಗೆ ಏನು ಸಲ್ಲಬೇಕೆಂಬುದನ್ನು ಸಕಾಲದಲ್ಲಿ ತಿಳಿಯುವುದು. ಸವಲತ್ತುಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. 1995ರಲ್ಲಿ ಮಧ್ಯಾಹ್ನದ ಆಹಾರದ ಯೋಜನೆ ಬಂತು. ಮೊದಲು ತಿಂಗಳಿಗೆ ಮೂರು ಕಿಲೋ ಧಾನ್ಯ ಕೊಡುತ್ತಿದ್ದರು, ಸರ್ವೋಚ್ಚ ನ್ಯಾಯಾಲಯದ 2001ರ ಆದೇಶದ ನಂತರ ಬೇಯಿಸಿದ ಊಟವೇ ಬಂತು. 2010ರ ಏಪ್ರಿಲ್ 1ರಿಂದ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣವು ಕಾಯದೆಯ ಹಕ್ಕಾಯಿತು. ಬಾಲಭಾರತಿಯು ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಅಚ್ಚು ಹಾಕುತ್ತದೆ. ಎಂಟನೆಯ ಇಯತ್ತೆಯವರೆಗೆ ನಮ್ಮಂತಹ ಶಾಲೆಗಳಲ್ಲಿ ಅವು ಪುಕ್ಕಟೆಯಾಗಿ ದೊರೆಯುತ್ತವೆ. ಹಳ್ಳಿಯಿಂದ ಬರುವ ಹುಡುಗಿಯರಿಗೆ ಅಹಿಲ್ಯಾಬಾಯಿ ಹೋಳಕರ ಯೋಜನೆಯಲ್ಲಿ ಎಸ್.ಟಿ. ಪಾಸಿಗೆ ಹಣವಿಲ್ಲ. ಎಂಟನೆಯ ಇಯತ್ತೆಯ ಮಕ್ಕಳಿಗೆ ಎನ್.ಎಂ.ಎಂ.ಎಸ್. ಎಂಬ ಪರೀಕ್ಷೆಯಿದೆ, ಅದನ್ನು ಕನ್ನಡದಲ್ಲಿಯೂ ಬರೆಯಬಹುದು. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000. 2024–25ರಿಂದ ಕಡಿಮೆ ಉತ್ಪನ್ನದ ಮನೆಗಳ ಹೆಣ್ಣುಮಕ್ಕಳಿಗೆ ವೃತ್ತಿಪರ ಶಿಕ್ಷಣದ ಫೀಯಲ್ಲಿ ಪೂರ್ತಿ ಸೂಟು ಸಿಕ್ಕಿದೆ. ಇವೆಲ್ಲವುಗಳ ಸೂಚನೆ ಬರುವುದು ಮರಾಠಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ. ನಮ್ಮ ಪಾಲಕರಲ್ಲಿ ಎಷ್ಟು ಜನ ಅದನ್ನು ಓದಿ ಅರ್ಥಮಾಡಿಕೊಂಡಾರು?

ಗಡಿಯಲ್ಲಿರುವವರ ಲೆಕ್ಕ ಇನ್ನೂ ಗೊಂದಲದ್ದು. ಸಂಕೇಶ್ವರದಲ್ಲಿರುವ ನನ್ನ ತಂಗಿಗೆ 2023ರ ಜೂನ್‌ನಿಂದ ಕರ್ನಾಟಕದ ಶಕ್ತಿ ಯೋಜನೆಯಲ್ಲಿ ಬೆಳಗಾವಿಯವರೆಗೆ ಸಾಮಾನ್ಯ ಬಸ್ಸಿನಲ್ಲಿ ತಿಕೀಟಿನ ಹಣವಿಲ್ಲ. ಗಡಹಿಂಗ್ಲಜದಲ್ಲಿರುವ ನನ್ನ ಅತ್ತಿಗೆಗೆ ಅದೇ ವರ್ಷದ ಮಾರ್ಚ್‌ನಿಂದ ಕೊಲ್ಹಾಪುರಕ್ಕೆ ಅರ್ಧ ತಿಕೀಟು. ಇಬ್ಬರೂ ಆಡುವುದು ಕನ್ನಡವೇ, ಇಬ್ಬರ ಊರುಗಳ ನಡುವಿನ ದಾರಿ ಬಸ್ಸಿನಲ್ಲಿ ಒಂದು ಗಳಿಗೆಯದು. ಆದರೆ ಕಾಗದಪತ್ರಗಳು ಬೇರೆ, ಹಕ್ಕುಗಳು ಬೇರೆ. "ಅಲ್ಲಿ ಸಿಗುತ್ತದಂತೆ" ಎಂದು ಕೇಳಿ ಇಲ್ಲಿ ಹುಡುಕುವವರು, ಇಲ್ಲಿ ಸಿಗುವುದನ್ನು ತಿಳಿಯದೆ ಕಳೆದುಕೊಳ್ಳುವವರು ನಮ್ಮಲ್ಲಿ ಬಹಳ. ಇನ್ನೊಂದು ಮಾತನ್ನೂ ಮರೆಯಬಾರದು. ಕೊಟ್ಟ ಸವಲತ್ತು ಶಾಶ್ವತವಲ್ಲ. ಹಿರಿಯ ನಾಗರಿಕರಿಗಿದ್ದ ರೈಲಿನ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತಿತು. ನನ್ನಂತಹವರು ಅದನ್ನು ನಂಬಿಕೊಂಡು ಯಾತ್ರೆಯ ಯೋಜನೆ ಹಾಕಿದ್ದು ಹಾಗೆಯೇ ಉಳಿಯಿತು. ಸಿಕ್ಕಾಗ ಉಪಯೋಗಿಸಿಕೊಂಡು ಸ್ವಂತ ಕಾಲಿನ ಮೇಲೆ ನಿಲ್ಲುವುದೇ ಜಾಣತನ.

ಇನ್ನು ಪೇಟೆಯವರ ಪುಕ್ಕಟೆಯ ಬಗೆಗೆ ಒಂದೆರಡು ಮಾತು. ಸಮಾಜ ಕೊಡುವ ಪುಕ್ಕಟೆಗೂ ಅಂಗಡಿ ಕೊಡುವ ಪುಕ್ಕಟೆಗೂ ಹಗಲು ರಾತ್ರಿಗಳಷ್ಟು ಅಂತರವಿದೆ. ಒಂದು ನಮ್ಮ ಏಳಿಗೆಗಾಗಿ ಕೊಟ್ಟ ಸಾಲ, ಇನ್ನೊಂದು ಗಾಳದ ತುದಿಗೆ ಚುಚ್ಚಿದ ಎರೆಹುಳು. ನಾನು ಏಳನೆಯ ಇಯತ್ತೆಗೆ ಶೇಕಡಾ ಲೆಕ್ಕ ಕಲಿಸುವಾಗ ಪುಸ್ತಕವನ್ನು ಮುಚ್ಚಿಸಿ ದೀಪಾವಳಿಯ ಜಾಹೀರಾತುಗಳನ್ನು ತರಲು ಹೇಳುತ್ತಿದ್ದೆ. ನೂರು ರೂಪಾಯಿಯ ವಸ್ತುವಿನ ಮೇಲೆ ನೂರಿಪ್ಪತ್ತೈದು ಎಂದು ಬರೆದು ಶೇ. 20 ಸೂಟು ಕೊಟ್ಟರೆ ಗಿರಾಕಿಗೆ ಉಳಿದದ್ದೆಷ್ಟು? ಸೊನ್ನೆ. ಎರಡು ಕೊಂಡರೆ ಒಂದು ಪುಕ್ಕಟೆ ಎಂದರೆ ನಿಜವಾದ ಸೂಟು ಎಷ್ಟು? ಶೇ. 50 ಅಲ್ಲ, ಶೇ. 33ಕ್ಕೆ ಸ್ವಲ್ಪ ಮೇಲೆ. ಅದೂ ಮೂರೂ ಬೇಕಾಗಿದ್ದರೆ ಮಾತ್ರ. ಮೊದಲು ಶೇ. 50, ಅದರ ಮೇಲೆ ಮತ್ತೆ ಶೇ. 20 ಎಂದರೆ ಎಪ್ಪತ್ತಲ್ಲ, ಅರವತ್ತು. ಹುಡುಗರು ಈ ಲೆಕ್ಕಗಳನ್ನು ಮನೆಗೆ ಒಯ್ದು ತಾಯಂದಿರಿಗೆ ಹೇಳುತ್ತಿದ್ದರು. ಒಬ್ಬ ತಾಯಿ ಬಂದು, "ಮಾಸ್ತರ, ನಿಮ್ಮ ಲೆಕ್ಕದಿಂದ ಈ ಸಲ ನಮ್ಮನ್ಯಾಗ ಸೀರಿನs ಬರಲಿಲ್ಲ ನೋಡ್ರಿ" ಎಂದು ದೂರಿದ್ದುಂಟು!

ರಿಯಾಯಿತಿಯೆಲ್ಲ ಮೋಸವೆಂದು ನಾನು ಹೇಳುತ್ತಿಲ್ಲ. ಗಾಂಧಿ ಜಯಂತಿಯ ಖಾದಿ ರಿಬೇಟಿನಲ್ಲಿ ವರ್ಷದ ಎರಡು ಜೊತೆ ಬಟ್ಟೆ ಕೊಂಡು ನಾನು ಮೂವತ್ತು ವರ್ಷ ನೌಕರಿ ಮಾಡಿದ್ದೇನೆ. ಆ ಸೂಟು ಕೊಳ್ಳುವವನಿಗೂ ಹಿತ, ನೂಲುವವನಿಗೂ ಹಿತ. ನಮ್ಮ ಇಚಲಕರಂಜಿಯಲ್ಲಿ ಮಗ್ಗದಿಂದ ಬಂದ ತುಂಡು ಬಟ್ಟೆಗಳನ್ನು ಕಡಿಮೆ ಬೆಲೆಗೆ ತಂದು ಮಕ್ಕಳ ಅಂಗಿ ಹೊಲಿಸದ ಮನೆ ಯಾವುದಿದೆ? ಧಾರವಾಡದ ಮನೋಹರ ಗ್ರಂಥಮಾಲೆಯವರು 1933ರಿಂದ ಚಂದಾದಾರರನ್ನು ಕೂಡಿಸಿಕೊಂಡು ಪುಸ್ತಕ ಪ್ರಕಟಿಸಿದ್ದರಿಂದಲೇ ಎಷ್ಟೋ ಸಾಧಾರಣ ಮನೆಗಳಲ್ಲಿ ಒಳ್ಳೆಯ ಕನ್ನಡ ಪುಸ್ತಕಗಳು ಬಂದು ಕುಳಿತವು. ಕೊಡುವವನೂ ಬದುಕಿ ಕೊಳ್ಳುವವನೂ ಬದುಕುವ ರಿಯಾಯಿತಿ ಧರ್ಮದ್ದು. ಬೇಡವಾದುದನ್ನು ಬೇಕೆನಿಸುವ ರಿಯಾಯಿತಿ ಜೂಜಿನದು. ಇದನ್ನು ಗುರುತಿಸಲು ನನ್ನ ತಾಯಿಯ ಒಂದೇ ಪ್ರಶ್ನೆ ಸಾಕು. ಇದು ಪೂರ್ತಿ ಬೆಲೆಗೆ ಸಿಕ್ಕಿದ್ದರೂ ನಾನು ಕೊಳ್ಳುತ್ತಿದ್ದೆನೆ?

ಪುಕ್ಕಟೆಯ ಬಗೆಗೆ ಸಮಾಜದಲ್ಲಿ ಎರಡು ತಪ್ಪು ತಿಳಿವಳಿಕೆಗಳಿವೆ. ಮೊದಲನೆಯದು ನಾಚಿಕೆ. ಹಿಂದೆ ಫೀ ಮಾಫಿಗೆ ನಮ್ಮ ಕಡೆ ನಾದಾರಿ ಎನ್ನುತ್ತಿದ್ದರು. ನಾದಾರನೆಂದರೆ ಗತಿಯಿಲ್ಲದವನು. ಆ ಹೆಸರಿಗೆ ಅಂಜಿ ಅರ್ಜಿ ಕೊಡದೆ ಶಾಲೆ ಬಿಟ್ಟವರನ್ನು ನಾನು ಕಂಡಿದ್ದೇನೆ. ಎರಡನೆಯದು ನಿರ್ಲಜ್ಜೆ. ಬಿಟ್ಟಿ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ. ಮಾಳಿಗೆಯ ಮೇಲೆ ಮಾಳಿಗೆ ಕಟ್ಟಿದವರ ಮನೆಯಲ್ಲಿಯೂ ಬಡವರ ಹಳದಿ ರೇಶನ್ ಕಾರ್ಡು ಇರುವುದನ್ನು ನಾವು ನೋಡುತ್ತೇವೆ. ಅವರು ತಂಬಿಗೆ ಹಿಡಿದು ಗಾಣಕ್ಕೆ ಬಂದವರು. ಅವರ ತಂಬಿಗೆ ತುಂಬಿದಷ್ಟೂ ನಿಜವಾದ ಹಸಿದವನ ಪಾಲು ಕಡಿಮೆಯಾಗುತ್ತದೆ. 2015ರಲ್ಲಿ ಅನುಕೂಲವಂತರು ಅಡಿಗೆ ಅನಿಲದ ಸಹಾಯಧನವನ್ನು ತಾವಾಗಿಯೇ ಬಿಡಬೇಕೆಂದು ಕೇಂದ್ರ ಸರಕಾರ ಕೇಳಿಕೊಂಡಾಗ ಒಂದು ವರ್ಷದಲ್ಲಿ ಒಂದು ಕೋಟಿ ಮನೆಗಳವರು ಬಿಟ್ಟುಕೊಟ್ಟರು. ನಮ್ಮ ಜನರಿಗೆ ಮೇರೆ ತಿಳಿದಿಲ್ಲವೆಂದು ಹೇಳುವವರಿಗೆ ಇದು ಉತ್ತರ. ಪಡೆಯುವ ಹಕ್ಕುಳ್ಳವನು ನಾಚದೆ ಪಡೆಯಬೇಕು, ಹಕ್ಕಿಲ್ಲದವನು ನಾಚಿ ಬಿಡಬೇಕು.

ನಮ್ಮ ಶಾಲೆಗೆ ನೇರವಾಗಿ ಸಂಬಂಧಿಸಿದ ಇನ್ನೊಂದು ಮಾತಿದೆ. "ಫುಕಟ್ ಸಾಳ್ಯಾಗ ಏನ್ ಕಲಸ್ತಾರ್ರಿ?" ಎಂದು ಕೇಳಿ, ಸಾಲ ಮಾಡಿ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಹಾಕುವ ಪಾಲಕರು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದಾರೆ. ಅವರನ್ನು ನಾನು ದೂಷಿಸುವುದಿಲ್ಲ. ಮಕ್ಕಳ ಏಳಿಗೆಯ ಆಸೆ ಯಾರಿಗಿಲ್ಲ? ಆದರೆ ಬೆಲೆ ಹೆಚ್ಚಾದುದೆಲ್ಲ ಒಳ್ಳೆಯದು, ಬೆಲೆಯಿಲ್ಲದ್ದೆಲ್ಲ ಕೀಳು ಎಂಬುದು ಪೇಟೆಯ ಲೆಕ್ಕ, ಶಾಲೆಯ ಲೆಕ್ಕವಲ್ಲ. ಮೇಲೆ ಹೇಳಿದ 48,000 ರೂಪಾಯಿಯ ಶಿಷ್ಯವೃತ್ತಿಯು ಸರಕಾರಿ, ಸ್ಥಳೀಯ ಸಂಸ್ಥೆಗಳ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ಮಾತ್ರ ಸಿಗುತ್ತದೆ, ದುಬಾರಿ ಖಾಸಗಿ ಶಾಲೆಯ ಮಕ್ಕಳಿಗೆ ಸಿಗುವುದಿಲ್ಲ. ಎಷ್ಟು ಪಾಲಕರಿಗೆ ಇದು ಗೊತ್ತು? ಭಾಷಿಕ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಅನುಕೂಲ ಮಾಡಿಕೊಡಬೇಕೆಂದು ಸಂವಿಧಾನದ 350ಎ ಕಲಮು ಹೇಳುತ್ತದೆ. ಈ ಶಾಲೆ ನಮಗೆ ಭಿಕ್ಷೆಯಾಗಿ ಸಿಕ್ಕಿದ್ದಲ್ಲ. ಇದನ್ನು ಬಳಸದೆ ಬಿಟ್ಟರೆ ಒಂದು ದಿನ ಇದರ ಬಾಗಿಲು ಮುಚ್ಚುತ್ತದೆ, ಮತ್ತೆ ಹಣ ಕೊಟ್ಟರೂ ತೆರೆಯುವುದಿಲ್ಲ. ಶಾಹು ಮಹಾರಾಜರ ಒಂದು ರೂಪಾಯಿ ದಂಡದ ಅರ್ಥ ನನಗೆ ಈ ವಯಸ್ಸಿನಲ್ಲಿ ಇನ್ನಷ್ಟು ತಿಳಿಯುತ್ತಿದೆ. ಕೊಟ್ಟದ್ದನ್ನು ತೆಗೆದುಕೊಳ್ಳದವನು ತನಗೆ ತಾನೇ ದಂಡ ಹಾಕಿಕೊಳ್ಳುತ್ತಾನೆ.

ಸುವರ್ಣ ಮಹೋತ್ಸವವೆಂದರೆ ಮೆರವಣಿಗೆ, ಸತ್ಕಾರ, ಊಟಗಳಷ್ಟೇ ಆಗಬಾರದು. ಆಡಳಿತ ಮಂಡಳಿಯವರ ಮತ್ತು ಶಿಕ್ಷಕ ಬಂಧುಗಳ ಮುಂದೆ ನಾನು ಮೂರು ಸೂಚನೆಗಳನ್ನು ವಿನಯಪೂರ್ವಕವಾಗಿ ಇಡಬಯಸುತ್ತೇನೆ. ಮೂರಕ್ಕೂ ಹೆಚ್ಚು ಹಣ ಬೇಕಾಗಿಲ್ಲ.

ಮೊದಲನೆಯದು, ಶಾಲೆಯ ಹೆಬ್ಬಾಗಿಲಿನ ಬಳಿ ಒಂದು ಕರಿಹಲಗೆ. ಅದರ ಮೇಲೆ ಆಯಾ ತಿಂಗಳು ಯಾವ ಸವಲತ್ತಿಗೆ, ಯಾವ ಪರೀಕ್ಷೆಗೆ, ಯಾವ ದಿನದೊಳಗೆ ಅರ್ಜಿ ಕೊಡಬೇಕು, ಯಾವ ಕಾಗದ ಬೇಕು ಎಂಬುದನ್ನು ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆಯಬೇಕು. ಓದಲು ಬಾರದ ಪಾಲಕರಿಗೆ ಮಕ್ಕಳು ಓದಿ ಹೇಳಲಿ. ಬಂದ ಪರಿಪತ್ರಕವನ್ನು ಅದೇ ದಿನ ಕನ್ನಡಕ್ಕೆ ಇಳಿಸುವ ಹೊಣೆಯನ್ನು ಒಬ್ಬ ಶಿಕ್ಷಕರು ವಹಿಸಿಕೊಳ್ಳಲಿ. ಕೈ ನಡುಗದಿರುವವರೆಗೆ ಆ ಕೆಲಸವನ್ನು ನಾನೇ ಮಾಡಿಕೊಡುತ್ತೇನೆ. 1981ರಲ್ಲಿ ಓದದೆ ಇಟ್ಟ ಹಾಳೆಯ ಪ್ರಾಯಶ್ಚಿತ್ತ ಅಷ್ಟಾದರೂ ಆಗಲಿ.

ಎರಡನೆಯದು, ಒಂದು ಕಪಾಟು. ಎಂಟರಾಚೆಯ ತರಗತಿಗಳ ಪುಸ್ತಕ, ಗೈಡು, ಕಂಪಾಸು ಪೆಟ್ಟಿಗೆ, ಮಳೆಗಾಲದ ಕೊಡೆ, ಗಿಡ್ಡವಾದ ಸಮವಸ್ತ್ರಗಳನ್ನು ದೊಡ್ಡವರು ತೊಳೆದು, ಇಸ್ತ್ರಿ ಮಾಡಿ ಅಲ್ಲಿಡಲಿ, ಚಿಕ್ಕವರು ಒಯ್ಯಲಿ. ಕೊಟ್ಟವರ ಹೆಸರು ಬೇಡ, ಒಯ್ದವರ ಹೆಸರೂ ಬೇಡ. ಕೊಲ್ಹಾಪುರದ ಕರವೀರ ನಗರ ವಾಚನ ಮಂದಿರದಂತಹ ಗ್ರಂಥಾಲಯ 1850ರಿಂದ ನಮ್ಮ ಜಿಲ್ಲೆಯಲ್ಲಿದೆ. ಒಂದು ಪುಸ್ತಕವನ್ನು ನೂರು ಜನ ಓದಿದರೆ ಪ್ರತಿಯೊಬ್ಬನಿಗೂ ನೂರರಲ್ಲೊಂದು ಪಾಲಿನ ಬೆಲೆ ಮಾತ್ರ. ಇದಕ್ಕಿಂತ ದೊಡ್ಡ ರಿಯಾಯಿತಿಯನ್ನು ಯಾವ ಅಂಗಡಿಯವರು ಕೊಡಬಲ್ಲರು? ಮನೆಯಲ್ಲಿ ಮೊಬೈಲು ಇದ್ದವರಿಗೆ ಬಾಲಭಾರತಿಯ ಪುಸ್ತಕಗಳೂ ಕರ್ನಾಟಕದ ಕಣಜದಂತಹ ಜ್ಞಾನಕೋಶವೂ ಪುಕ್ಕಟೆಯಾಗಿ ಓದಲು ಸಿಗುತ್ತವೆ. ಅದನ್ನು ತೆರೆಯುವುದನ್ನು ಹೇಳಿಕೊಡುವ ಕೆಲಸ ನಮ್ಮದು.

ಮೂರನೆಯದು, ಒಂದು ಋಣದ ವಹಿ. ಈ ಶಾಲೆಯಲ್ಲಿ ಪುಕ್ಕಟೆ ಓದಿ ಇಂದು ನಾಲ್ಕು ಕಾಸು ಗಳಿಸುತ್ತಿರುವ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಬಂದು ತಮಗೆ ತಿಳಿದದ್ದನ್ನು ಅದರಲ್ಲಿ ಬರೆಯಲಿ. ಹಣವನ್ನೇ ಕೊಡಬೇಕೆಂದಿಲ್ಲ. ಒಂದು ಸಂಜೆ ಲೆಕ್ಕ ಹೇಳಿಕೊಡಬಹುದು, ಒಂದು ಅರ್ಜಿ ತುಂಬಿಕೊಡಬಹುದು, ಒಂದು ಹುಡುಗಿಯನ್ನು ಪರೀಕ್ಷಾ ಕೇಂದ್ರಕ್ಕೆ ಕರೆದೊಯ್ಯಬಹುದು. ಹನಿ ಹನಿಗೂಡಿದರೆ ಹಳ್ಳ ಎಂದು ನಾವೇ ಮಕ್ಕಳಿಗೆ ಕಲಿಸಿದ್ದೇವೆ, ಈಗ ಮಾಡಿ ತೋರಿಸೋಣ.

ಬಸ್ಸಿನಲ್ಲಿ ಭೇಟಿಯಾದ ಆ ತರುಣನಿಗೆ ಅಂದು ಉತ್ತರ ಕೊಡಲು ನನಗೆ ಹೊಳೆದಿರಲಿಲ್ಲ. ಇಂದು ಸಿಕ್ಕರೆ ಹೇಳುತ್ತೇನೆ: "ತಮ್ಮಾ, ನೀ ಹುಚ್ಚ ಅಲ್ಲ. ನಿನ್ನ ರೊಕ್ಕದಾಗ ಆ ಹುಡುಗೀರು ಸಾಳೀಗಿ ಹೊಂಟಾರ. ನೀನೂ ಸಣ್ಣಾವಿದ್ದಾಗ ಯಾರದೋ ರೊಕ್ಕದಾಗ ಸಾಳೀಗಿ ಹೋಗಿದ್ದಿ. ಲೆಕ್ಕ ಸಮಾ ಆತು." ಮುಂದಿನ ವರ್ಷ ನನಗೆ ಎಪ್ಪತ್ತೈದು ತುಂಬುತ್ತದೆ. ಆಗ ನನ್ನ ತಿಕೀಟೂ ಪುಕ್ಕಟೆಯಾಗುತ್ತದೆ. ಉಳಿದ ಹಣವನ್ನು ಏನು ಮಾಡಬೇಕೆಂಬುದನ್ನು ಈಗಲೇ ನಿಶ್ಚಯಿಸಿದ್ದೇನೆ. ಆ ಕರಿಹಲಗೆಗೆ ಬೇಕಾಗುವ ಸುಣ್ಣದ ಕಡ್ಡಿಗಳ ಖರ್ಚು ನನ್ನದು.